ಹತ್ತಿದ ಗೇರಲ್ಲೇ ಇಳಿಯಬೇಕು: ಆಸ್ಪೆನ್ ಹಳದಿಯಾಗುವ ಕಾಲಕ್ಕೆ ಮೋಟರ್‌ಹೋಮ್‌ನಲ್ಲಿ ಸ್ಯಾನ್ ವಾನ್ ಘಟ್ಟ

ಅಮೆರಿಕದ ಕೊಲರಾಡೊ ರಾಜ್ಯದ ನೈಋತ್ಯ ಮೂಲೆಯಲ್ಲಿ ಸ್ಯಾನ್ ವಾನ್ ಬೆಟ್ಟಸಾಲು ಇದೆ. ಡುರಾಂಗೊ ಎಂಬ ಊರಿಂದ ಹೊರಟು ಸಿಲ್ವರ್ಟನ್ ಹಾದು ಯೂರೇ ತಲುಪುವ ಹೆದ್ದಾರಿ 550 ಈ ಸಾಲನ್ನು ದಕ್ಷಿಣದಿಂದ ಉತ್ತರಕ್ಕೆ ಸೀಳಿಕೊಂಡು ಹೋಗುತ್ತದೆ. ಒಟ್ಟು ಎಪ್ಪತ್ತು ಚಿಲ್ಲರೆ ಮೈಲಿ. ಕಾರಲ್ಲಾದರೆ ಎರಡು ಗಂಟೆಯ ದಾರಿ. ಅಡುಗೆ, ಹಾಸಿಗೆ ಎಲ್ಲ ಒಳಗೇ ಇರುವ ಮನೆಗಾಡಿಯಲ್ಲಿ, ಅಂದರೆ ಮೋಟರ್‌ಹೋಮ್‌ನಲ್ಲಿ, ಅದೂ ಸೆಪ್ಟೆಂಬರ್ ಕೊನೆಯ ವಾರದಲ್ಲಿ, ಪೂರಾ ಒಂದು ಹಗಲು ಎತ್ತಿಡಬೇಕು. ಎರಡು ದಿನ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಈ ದಾರಿಯ ಬಗ್ಗೆ ಸಿಗುವ ಬರಹಗಳಲ್ಲಿ ಹೆಚ್ಚಿನವು ಆ ಕಾಲಕ್ಕೆ ಹಳದಿಯಾಗುವ ಆಸ್ಪೆನ್ ಮರಗಳ ಬಣ್ಣದ ವರ್ಣನೆಯಲ್ಲೇ ಮುಗಿಯುತ್ತವೆ. ಬಣ್ಣ ಇದೆ, ಸುಳ್ಳಲ್ಲ. ಆದರೆ ಆರು ಟನ್ ತೂಗುವ ಮನೆಯೊಂದನ್ನು ಬೆನ್ನಿಗೆ ಕಟ್ಟಿಕೊಂಡು ಹನ್ನೊಂದು ಸಾವಿರ ಅಡಿ ಹತ್ತಿ ಇಳಿಯುವವರಿಗೆ ಬಣ್ಣಕ್ಕಿಂತ ಮೊದಲು ತಿಳಿದಿರಬೇಕಾದದ್ದು ಬಿಸಿಯ ಲೆಕ್ಕ. ಎಂಜಿನ್ನಿನ ಬಿಸಿ, ಬ್ರೇಕಿನ ಬಿಸಿ, ರಾತ್ರಿ ಮಲಗುವಾಗಿನ ಹೀಟರಿನ ಬಿಸಿ, ಕೊನೆಗೆ ಕುಕ್ಕರಿನೊಳಗಿನ ಬಿಸಿ. ಅದೊಂದು ಹಿಡಿತಕ್ಕೆ ಬಂದರೆ ಉಳಿದ ಹೊತ್ತು ಮರ ನೋಡಬಹುದು.

ಮೊದಲು ಎತ್ತರದ ಅಂದಾಜು. ಕರ್ನಾಟಕದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್, ಅಂದರೆ 6,330 ಅಡಿ. ಘಟ್ಟ ಶುರುವಾಗುವ ಮೊದಲಿನ ಡುರಾಂಗೊ ಪೇಟೆಯೇ 6,512 ಅಡಿಯಲ್ಲಿದೆ. ಅಲ್ಲಿಂದ ಉತ್ತರಕ್ಕೆ ಕೋಲ್ ಬ್ಯಾಂಕ್ ಪಾಸ್ (ಪಾಸ್ ಎಂದರೆ ಘಟ್ಟದಾರಿಯ ನೆತ್ತಿ) 10,640 ಅಡಿ, ಸ್ವಲ್ಪ ಇಳಿದು ಮತ್ತೆ ಹತ್ತಿದರೆ ಮೋಲಸ್ ಪಾಸ್ 10,910 ಅಡಿ, ಅಲ್ಲಿಂದ ಇಳಿದರೆ 9,318 ಅಡಿಯ ಸಿಲ್ವರ್ಟನ್. ಊರು ದಾಟಿ ಹತ್ತು ಮೈಲಿ ಹತ್ತಿದರೆ ರೆಡ್ ಮೌಂಟನ್ ಪಾಸ್, 11,018 ಅಡಿ. ಅಲ್ಲಿಂದ ಹದಿಮೂರು ಮೈಲಿಯಲ್ಲಿ 3,200 ಅಡಿ ಇಳಿದು 7,792 ಅಡಿಯ ಯೂರೇ. ಮೂರು ಏರು, ಮೂರು ಇಳಿತ. ಕೊನೆಯದೇ ಎಲ್ಲಕ್ಕಿಂತ ದೊಡ್ಡದು, ಕಡಿದಾದದ್ದು, ಮತ್ತು ಅಂಚಿಗೆ ತಡೆಗೋಡೆ ಇಲ್ಲದ್ದು.

ತಡೆಗೋಡೆ ಯಾಕಿಲ್ಲ ಎಂದು ಹೊಸಬರೆಲ್ಲ ಕೇಳುತ್ತಾರೆ. ಚಳಿಗಾಲದಲ್ಲಿ ಹಿಮ ತಳ್ಳುವ ಲಾರಿಗಳು ಹಿಮವನ್ನು ಕಣಿವೆಗೆ ತಳ್ಳಬೇಕು, ಗೋಡೆ ಇದ್ದರೆ ತಳ್ಳಲು ಜಾಗವಿಲ್ಲ. ಜತೆಗೆ ರಸ್ತೆಯ ಬಿಳಿ ಗೆರೆ ಮುಗಿದಲ್ಲಿಗೆ ಬೆಟ್ಟವೂ ಮುಗಿಯುತ್ತದೆ. ಗೋಡೆ ನಿಲ್ಲಿಸಲು ಬೇಕಾದ ಮಣ್ಣೇ ಕೆಲವು ಕಡೆ ಇಲ್ಲ. ಇದು 1880ರ ದಶಕದಲ್ಲಿ ಆಟೋ ಮಿಯರ್ಸ್ ಎಂಬ ಗುತ್ತಿಗೆದಾರ ಗಣಿಗಳಿಗೆಂದು ಬಂಡೆ ಸಿಡಿಸಿ ಮಾಡಿದ ಸುಂಕದ ಗಾಡಿದಾರಿ. ಬೇರ್ ಕ್ರೀಕ್ ಜಲಪಾತದ ಬಳಿ ಸುಂಕದ ಗೇಟು ಇತ್ತು. ಪಕ್ಕದಲ್ಲಿ ಬಂಡೆ, ಈಚೆಗೆ ಪ್ರಪಾತ, ಸುಂಕ ತಪ್ಪಿಸಿ ಸುತ್ತಿಹೋಗಲು ಯಾರಿಗೂ ದಾರಿಯಿಲ್ಲ. ವ್ಯವಹಾರಸ್ಥನ ಬುದ್ಧಿ ಅಂದರೆ ಅದು! 1920ರ ದಶಕದಲ್ಲಿ ಅದನ್ನೇ ಮೋಟಾರು ರಸ್ತೆಯಾಗಿ ಅಗಲಿಸಿದರು. ಈ ರಸ್ತೆಗೆ ಮಿಲಿಯನ್ ಡಾಲರ್ ಹೈವೇ ಎಂಬ ಹೆಸರು ಯಾಕೆ ಬಂತೆನ್ನುವುದಕ್ಕೆ ಮೈಲಿಗೆ ಮಿಲಿಯನ್ ಖರ್ಚಾಯಿತು, ಚಿನ್ನದ ಅದಿರಿನ ಜಲ್ಲಿ ಹಾಸಿದರು ಎಂದು ನಾಲ್ಕಾರು ಕಥೆಗಳಿವೆ. ಯಾವುದನ್ನು ನಂಬಿದರೂ ತಿರುವು ಅಷ್ಟೇ ಇಕ್ಕಟ್ಟು.

ಇನ್ನು ಯಾವ ದಿಕ್ಕಿನಿಂದ ಹೊರಡಬೇಕು ಎಂಬುದು. ಅಮೆರಿಕದಲ್ಲಿ ಬಲಬದಿಯ ಸಂಚಾರ. ಯೂರೇಯಿಂದ ದಕ್ಷಿಣಕ್ಕೆ ಬಂದರೆ ನೀವು ಪ್ರಪಾತದ ಕಡೆಯ ಲೇನ್‌ನಲ್ಲಿರುತ್ತೀರಿ. ಡುರಾಂಗೊದಿಂದ ಉತ್ತರಕ್ಕೆ ಹೋದರೆ ಬಂಡೆಯ ಕಡೆಯ ಲೇನ್. ಮೋಟರ್‌ಹೋಮ್‌ನವರು ಉತ್ತರಮುಖಿಯಾಗಿಯೇ ಹೋಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೆ ಒಂದು ಒಳ್ಳೆಯ ಆಕ್ಷೇಪ ಇದೆ: ಉತ್ತರಕ್ಕೆ ಹೋದರೆ ಆ 3,200 ಅಡಿಯನ್ನು ಇಳಿಯಬೇಕಾಗುತ್ತದೆ, ದಕ್ಷಿಣಕ್ಕೆ ಬಂದರೆ ಅದೇ ಭಾಗವನ್ನು ಹತ್ತುತ್ತೀರಿ, ಹತ್ತುವಾಗ ಬ್ರೇಕಿನ ಚಿಂತೆ ಇಲ್ಲ. ನಿಜ. ಆದರೆ ಇಳಿತದ ಬಿಸಿಯನ್ನು ಗೇರು ಹಿಡಿದು ನಿಭಾಯಿಸಬಹುದು. ಎಂಟೂಕಾಲು ಅಡಿ ಅಗಲದ ಗಾಡಿ, ಕನ್ನಡಿ ಸೇರಿಸಿದರೆ ಹತ್ತರ ಹತ್ತಿರ. ಆ ಅಗಲವನ್ನು ಯಾವ ಉಪಾಯದಿಂದಲೂ ಕಡಿಮೆ ಮಾಡಲಾಗದು. ಜತೆಗೆ ಉತ್ತರಮುಖಿಯಾಗಿ ಹೋದರೆ ದೊಡ್ಡ ಇಳಿತಕ್ಕೆ ಮೊದಲು ಕೋಲ್ ಬ್ಯಾಂಕ್, ಮೋಲಸ್ ಎರಡೂ ಇಳಿದು ಕೈ ಪಳಗಿರುತ್ತದೆ. ಅವೆರಡರಲ್ಲಿ ಬ್ರೇಕಿನ ವಾಸನೆ ಬಂದಿದ್ದರೆ ನಿಮ್ಮ ರೀತಿ ತಪ್ಪು ಎಂದರ್ಥ. ಸಿಲ್ವರ್ಟನ್‌ನಲ್ಲಿ ಕೂತು ಸರಿಪಡಿಸಿಕೊಳ್ಳಲು ಸಮಯವಿದೆ.

ಬಂಡೆಯ ಕಡೆ ಇದ್ದೀರಿ ಎಂದು ನಿರಾಳ ಆಗುವಂತಿಲ್ಲ. ಎದುರಿನಿಂದ, ಪ್ರಪಾತದ ಕಡೆ ಬರುವ ಚಾಲಕರು ಅಂಚಿಗೆ ಹೆದರಿ ನಡುಗೆರೆ ದಾಟಿ ನಿಮ್ಮ ಲೇನ್‌ಗೆ ನುಗ್ಗುತ್ತಾರೆ. ಅದಕ್ಕೆ ಕುರುಡು ತಿರುವುಗಳಲ್ಲಿ ಬಲಕ್ಕೆ ಅಂಟಿಕೊಳ್ಳಬೇಕು. ಅಂಟಿಕೊಂಡಾಗ ಕ್ಯಾಬಿನ ಮೇಲೆ ಚಾಚಿರುವ ಮಲಗುವ ಗೂಡಿನ ಬಲಮೂಲೆ ಬಂಡೆಗೆ ಎಷ್ಟು ಹತ್ತಿರ ಎಂಬುದು ಚಾಲಕನಿಗೆ ಕಾಣದು. ಆ ಮೂಲೆಯ ಮೇಲೆ ಕಣ್ಣಿಡುವುದು ಪಕ್ಕದಲ್ಲಿ ಕೂತವರ ಕೆಲಸ. ಫೋಟೋ ಆಮೇಲೆ.

ಹಿಂಬದಿಯ ಲೆಕ್ಕವನ್ನೂ ಹೊರಡುವ ಮೊದಲೇ ಖಾಲಿ ಪಾರ್ಕಿಂಗ್ ಜಾಗದಲ್ಲಿ ಅಭ್ಯಾಸ ಮಾಡಬೇಕು. ಬಾಡಿಗೆಗೆ ಹೆಚ್ಚು ಸಿಗುವುದು 25 ಅಡಿಯ ಸಿ ದರ್ಜೆಯ ಗಾಡಿ (ವ್ಯಾನಿನ ಮೂತಿಯ ಹಿಂದೆ ಮನೆ ಕಟ್ಟಿದ್ದು), ಸಾಮಾನ್ಯವಾಗಿ ಫೋರ್ಡ್ ಇ-450 ಚಾಸಿಸ್ ಮೇಲೆ ಕಟ್ಟಿದ್ದು. ಹಿಂದಿನ ಚಕ್ರದಾಚೆ ಏಳೆಂಟು ಅಡಿ ಬಾಲ ಚಾಚಿರುತ್ತದೆ. ಬಾಲ ಮೂರು ಅಡಿಗೆ ಒಂದು ಅಡಿಯಂತೆ ಬೀಸುತ್ತದೆ ಎಂಬುದು ಹಳಬರ ಅಂದಾಜು, ಅಂದರೆ ಪೂರ್ತಿ ಎಡಕ್ಕೆ ತಿರುಗಿಸಿದಾಗ ಬಾಲ ಎರಡು ಅಡಿಗೂ ಹೆಚ್ಚು ಬಲಕ್ಕೆ ಹೋಗಿ ಬಂಡೆಗೆ ಬಡಿಯಬಹುದು. ಬಲ ತಿರುವಿನಲ್ಲಿ ಕಷ್ಟ ಬೇರೆ: ಹಿಂದಿನ ಚಕ್ರ ಮುಂದಿನದರ ಜಾಡು ಹಿಡಿಯದೆ ಒಳಕ್ಕೆ ಕತ್ತರಿಸುತ್ತದೆ. ಹಾಗಾಗಿ ಬಲದ ಹೇರ್‌ಪಿನ್ನಿನಲ್ಲಿ ಮೂತಿಯನ್ನು ನಡುಗೆರೆಯ ತನಕ ಒಯ್ದು ಆಮೇಲೆ ತಿರುಗಿಸಬೇಕು. ಎಡದ ಹೇರ್‌ಪಿನ್ನಿನಲ್ಲಿ ಬಲಗೋಡೆಯಿಂದ ಮೊದಲೇ ಸ್ವಲ್ಪ ದೂರ ಕಾಯ್ದುಕೊಂಡಿರಬೇಕು.

ಈಗ ಇಳಿಯುವ ವಿಷಯ. ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಲಾರಿ ಓಡಿಸಿದ ಯಾರನ್ನು ಕೇಳಿದರೂ ಒಂದೇ ಮಾತು: ಹತ್ತಿದ ಗೇರಲ್ಲೇ ಇಳಿಯಬೇಕು. ಅಮೆರಿಕದ ಆಟೋಮ್ಯಾಟಿಕ್ ಗಾಡಿಗೆ ಬಂದ ಕೂಡಲೇ ನಮ್ಮವರು ಅದನ್ನು ಮರೆತು ಡ್ರೈವ್‌ನಲ್ಲೇ ಬಿಟ್ಟು ಬ್ರೇಕ್ ಒತ್ತುತ್ತ ಇಳಿಯುತ್ತಾರೆ. ಮಾತು ಯಾಕೆ ಸರಿ ಎಂಬುದನ್ನು ಲೆಕ್ಕದಲ್ಲೇ ನೋಡಬಹುದು. ಆರು ಸಾವಿರ ಕಿಲೋ ತೂಕ 983 ಮೀಟರ್ ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿ ಹೆಚ್ಚು ಕಡಿಮೆ 16 ಯೂನಿಟ್ ವಿದ್ಯುತ್ತಿಗೆ ಸಮ. ಹದಿಮೂರು ಮೈಲಿಯನ್ನು ಮೂವತ್ತೈದು ನಲವತ್ತು ನಿಮಿಷದಲ್ಲಿ ಇಳಿದರೆ, ಬಚ್ಚಲಮನೆಯ 2 ಕಿಲೋವಾಟಿನ ಗೀಸರುಗಳು ಹನ್ನೆರಡು ಹದಿಮೂರು ಒಟ್ಟಿಗೆ ಉರಿದಷ್ಟು ಬಿಸಿ ಅಷ್ಟೂ ಹೊತ್ತು ಹುಟ್ಟುತ್ತದೆ. ಗಾಳಿಯೂ ಟೈರೂ ಒಂದಿಷ್ಟು ನುಂಗುತ್ತವೆ, ಆದರೆ ಇಪ್ಪತ್ತು ಮೈಲಿ ವೇಗದಲ್ಲಿ ಗಾಳಿಯ ಪಾಲು ಕಡಿಮೆ. ಉಳಿದದ್ದು ಎಂಜಿನ್‌ಗೆ ಹೋಗಬೇಕು, ಇಲ್ಲವೇ ಬ್ರೇಕ್ ಡಿಸ್ಕ್‌ಗೆ. ಎಂಜಿನ್ನಿಗೆ ರೇಡಿಯೇಟರು ಇದೆ. ಡಿಸ್ಕ್‌ಗೆ ಏನೂ ಇಲ್ಲ.

ಡಿಸ್ಕ್ ಕಾದಾಗ ಎರಡು ಬಗೆಯ ತೊಂದರೆ ಬರುತ್ತದೆ. ಮೊದಲನೆಯದು ಪ್ಯಾಡಿನದು: ಪ್ಯಾಡ್ ಬಿಸಿಯೇರಿ ಹಿಡಿತ ಕಳೆದುಕೊಳ್ಳುತ್ತದೆ, ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲದು. ಎರಡನೆಯದು ಇನ್ನೂ ಅಪಾಯ: ಬ್ರೇಕ್ ಆಯಿಲ್ ಕುದಿಯುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್ ತನಕ ತಡೆಯಬೇಕು ಎಂಬುದು ನಿಯಮ, ಆದರೆ ವರ್ಷಗಟ್ಟಲೆ ತೇವ ಹೀರಿದ ಆಯಿಲ್‌ಗೆ ಆ ಮಿತಿ 140ಕ್ಕೆ ಇಳಿಯಬಹುದು. ಕುದ್ದ ಆಯಿಲಿನಲ್ಲಿ ಗುಳ್ಳೆ ಬಂದರೆ ಪೆಡಲ್ ಸ್ಪಂಜಿನಂತೆ ನೆಲಕ್ಕೆ ಇಳಿದುಬಿಡುತ್ತದೆ. ಸ್ವಂತ ಮೋಟರ್‌ಹೋಮ್ ಇರುವವರು ಎರಡು ಮೂರು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಬೇಕೆನ್ನುವುದು ಇದಕ್ಕೇ. ಈ ಗಾಡಿಗಳು ವರ್ಷದಲ್ಲಿ ಹೆಚ್ಚು ದಿನ ನಿಂತೇ ಇರುತ್ತವೆ, ಓಡದಿದ್ದರೂ ಆಯಿಲ್ ತೇವ ಹೀರುತ್ತಲೇ ಇರುತ್ತದೆ.

ಮಾಡಬೇಕಾದ್ದು ಹೀಗೆ. ರೆಡ್ ಮೌಂಟನ್ ಪಾಸ್ ನೆತ್ತಿಯಲ್ಲಿ ಬದಿಗೆ ನಿಲ್ಲಲು ಜಾಗವಿದೆ. ನಿಂತು, ಇಳಿದು, ಚಕ್ರಗಳ ಹತ್ತಿರ ಮೂಗು ಒಯ್ಯಿರಿ. ಟೋ-ಹಾಲ್ ಗುಂಡಿ ಒತ್ತಿ. ಅದು ಟ್ರೇಲರ್ ಎಳೆಯುವವರಿಗೆ ಮಾತ್ರ ಎಂದು ತಿಳಿದು ಎಷ್ಟೋ ಜನ ಮುಟ್ಟುವುದೇ ಇಲ್ಲ. ಆ ಗುಂಡಿ ಒತ್ತಿದ್ದರೆ ಬ್ರೇಕನ್ನು ಒಮ್ಮೆ ಮುಟ್ಟಿದಾಗ ಗೇರ್‌ಬಾಕ್ಸ್ ತಾನೇ ಕೆಳಗಿನ ಗೇರಿಗೆ ಬಂದು ಹಿಡಿದುಕೊಳ್ಳುತ್ತದೆ. ಇಳಿತ ಶುರುವಾಗುವ ಮೊದಲೇ ಎರಡನೇ ಗೇರಿಗೆ ತನ್ನಿ. ವೇಗ ಏರಿದ ಮೇಲೆ ಗೇರು ಇಳಿಸಹೊರಟರೆ ಗೇರ್‌ಬಾಕ್ಸ್ ಒಪ್ಪದು. ಎಂಜಿನ್ ನಾಲ್ಕು ಸಾವಿರ ಸುತ್ತಿನಲ್ಲಿ ಅಬ್ಬರಿಸುತ್ತದೆ, ಹಿಂದೆ ಕೂತವರು ಏನೋ ಮುರಿಯಿತು ಎಂದುಕೊಳ್ಳುತ್ತಾರೆ. ಏನೂ ಮುರಿಯುವುದಿಲ್ಲ. ಪೆಟ್ರೋಲ್ ಎಂಜಿನ್ ಹಾಗೆ ಅಬ್ಬರಿಸಿದಾಗಲೇ ಅದು ಬ್ರೇಕಿನ ಕೆಲಸ ಮಾಡುತ್ತಿದೆ.

ಆದರೂ ವೇಗ ಏರುತ್ತದೆ. ಆಗ ಬ್ರೇಕಿನ ಮೇಲೆ ಕಾಲು ಇಟ್ಟೇ ಇರಬಾರದು. ನೀವು ಇಟ್ಟುಕೊಂಡ ಮಿತಿ 25 ಮೈಲಿ ಎಂದುಕೊಳ್ಳಿ. ಮುಳ್ಳು 25 ಮುಟ್ಟಿದಾಗ ಗಟ್ಟಿಯಾಗಿ ಮೂರು ಸೆಕೆಂಡ್ ಒತ್ತಿ 20ಕ್ಕೆ ತಂದು, ಪೂರ್ತಿ ಕಾಲು ತೆಗೆಯಿರಿ. ಮತ್ತೆ 25 ಆಗುವ ತನಕ ಡಿಸ್ಕ್‌ಗೆ ಗಾಳಿ ತಾಗುತ್ತದೆ. ಹೀಗೆ ಒತ್ತಬೇಕಾದ ಸರದಿ ಹತ್ತು ಸೆಕೆಂಡಿಗೊಮ್ಮೆ ಬರುತ್ತಿದ್ದರೆ ಗೇರು ಹೆಚ್ಚಾಯಿತು, ಒಂದನೆಯದಕ್ಕೆ ಇಳಿಸಿ. ಈ ಭಾಗದ ತಿರುವುಗಳಿಗೆ ಫಲಕವೇ 15ರಿಂದ 25 ಮೈಲಿ ಹೇಳುತ್ತದೆ, ಯಾರಿಗೂ ನಾಚಿಕೊಳ್ಳಬೇಕಿಲ್ಲ. ಹಿಂದೆ ಕಾರುಗಳು ಸಾಲುಗಟ್ಟಿದರೆ ಬಲಬದಿಯ ತಂಗುಜಾಗ ಬಂದ ತಕ್ಷಣ ಬದಿಗೆ ಸರಿದು ಬಿಟ್ಟುಕೊಡಿ. ಹಿಂದಿನವನ ಹಾರ್ನ್ ಕೇಳಿ ಜೋರಾಗಿ ಇಳಿದವರೇ ಬ್ರೇಕು ಸುಟ್ಟುಕೊಳ್ಳುವುದು.

ಅದೃಷ್ಟಕ್ಕೆ ಇಳಿತದ ನಡುವೆ ಐರನ್‌ಟನ್ ಎಂಬ ಹಾಳುಬಿದ್ದ ಗಣಿ ಊರಿನ ಸಮತಟ್ಟು ಬರುತ್ತದೆ. ಬ್ರೇಕು ತಣಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ನಿಲ್ಲಿಸಿದ ಮೇಲೆ ಕಾದ ಬ್ರೇಕಿನ ಮೇಲೆ ಕಾಲಿಟ್ಟು ಕೂರಬೇಡಿ, ಪಾರ್ಕಿಗೆ ಹಾಕಿ, ಚಕ್ರಕ್ಕೆ ಅಡ್ಡಗಟ್ಟೆ ಇಟ್ಟು ಬಿಟ್ಟುಬಿಡಿ. ನೀರು ಸುರಿಯಲೇಬೇಡಿ, ಡಿಸ್ಕ್ ಬಿರುಕು ಬಿಡುತ್ತದೆ. ಅರ್ಧ ಗಂಟೆ ಸಾಕು. ಮುಂದಿರುವುದು ಅನ್‌ಕಂಪಾಗ್ರೆ ಕಮರಿ. ದಾರಿಯ ಅತಿ ಇಕ್ಕಟ್ಟಾದ ಭಾಗ ಇದೇ.

ಕಮರಿಯಲ್ಲಿ ಒಂದು ಕಡೆ ರಸ್ತೆಯ ಮೇಲೆ ಕಾಂಕ್ರೀಟಿನ ಮಾಡು ಕಟ್ಟಿದ್ದಾರೆ. ಈಸ್ಟ್ ರಿವರ್‌ಸೈಡ್ ಎಂಬ ಹಿಮಕುಸಿತದ ಜಾಡು ಅಲ್ಲಿ ನೇರ ರಸ್ತೆಗೇ ಇಳಿಯುತ್ತದೆ. 1963ರಲ್ಲಿ ಒಬ್ಬ ಪಾದ್ರಿ ಮತ್ತು ಅವರ ಇಬ್ಬರು ಹೆಣ್ಣುಮಕ್ಕಳು, 1970, 1978, 1992ರಲ್ಲಿ ಹಿಮ ತೆಗೆಯುವ ಲಾರಿಯ ಚಾಲಕರು ಇಲ್ಲಿ ಸತ್ತರು. ಆ ಚಾಲಕರ ನೆನಪಿಗೆ ರಸ್ತೆಬದಿಯಲ್ಲಿ ಸ್ಮಾರಕವಿದೆ. ಮಾಡು ಕಟ್ಟಿದ್ದು 1985ರಲ್ಲಿ. ಜಾಡು ಅದಕ್ಕಿಂತ ಅಗಲವಾದ್ದರಿಂದ ಅದರಾಚೆಯೂ ಹಿಮ ಬಿತ್ತು. ಸೆಪ್ಟೆಂಬರಿನಲ್ಲಿ ಹಿಮಕುಸಿತದ ಭಯವಿಲ್ಲ, ಆದರೆ ಕಲ್ಲು ಉರುಳುವುದು ಸಾಮಾನ್ಯ. ರಾತ್ರಿ ನೀರು ಬಂಡೆಯ ಬಿರುಕಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಬೆಳಗಿನ ಬಿಸಿಲಿಗೆ ಕರಗಿ ಕಲ್ಲು ಸಡಿಲುತ್ತದೆ. ಹಿಂದಿನ ಜೋಡಿ ಚಕ್ರಗಳ ನಡುವೆ ಕಲ್ಲು ಸಿಕ್ಕಿಕೊಂಡಿದೆಯೇ ಎಂದು ನಿಂತಾಗೆಲ್ಲ ನೋಡಿ.

ಆದ್ದರಿಂದ ಹೊರಡುವ ಹೊತ್ತೂ ಮುಖ್ಯ. ಈ ಕಮರಿಗೆ ಬಿಸಿಲು ತಡವಾಗಿ ಬೀಳುತ್ತದೆ, ನೆರಳಿನ ತಿರುವಿನಲ್ಲಿ ಬೆಳಗ್ಗೆ ತೆಳು ಐಸ್ ಇರಬಹುದು. ಸಿಲ್ವರ್ಟನ್‌ನಿಂದ ಒಂಬತ್ತೂವರೆ ಹತ್ತಕ್ಕೆ ಹೊರಟರೆ ಸಾಕು. ಸಂಜೆಯ ಮೇಲೆ ಮಾತ್ರ ಬೇಡ. ಅದು ಎಲ್ಕ್ ಎಂಬ ದೊಡ್ಡ ಜಿಂಕೆಯ ಗಂಡುಗಳು ಬೆದೆಗೆ ಬಂದು ರಸ್ತೆ ದಾಟುವ ಕಾಲ, ಮುನ್ನೂರು ಕಿಲೋ ತೂಗುವ ಪ್ರಾಣಿ ಹೆಡ್‌ಲೈಟಿಗೆ ಹೆದರಿ ಓಡುವುದಿಲ್ಲ.

ಹತ್ತುವುದು ಇದಕ್ಕೆ ಹೋಲಿಸಿದರೆ ಸುಲಭ, ಬೇಸರದ ಕೆಲಸ ಅಷ್ಟೇ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಮೂರು ಶೇಕಡಾ ಬಲ ಕಳೆದುಕೊಳ್ಳುತ್ತದೆ. ಹನ್ನೊಂದು ಸಾವಿರದಲ್ಲಿ ಮೂರನೇ ಒಂದು ಭಾಗ ಹೋಗಿರುತ್ತದೆ. ಮೂವತ್ತು ಮೈಲಿ ವೇಗದಲ್ಲಿ ಏದುಸಿರು ಬಿಡುತ್ತ ಹತ್ತುವುದೇ ಸರಿಯಾದ ಸ್ಥಿತಿ. ಬಿಸಿಯ ಮುಳ್ಳು ಏರತೊಡಗಿದರೆ ಎಸಿ ಆರಿಸಿ, ಕ್ಯಾಬಿನ್ ಹೀಟರನ್ನು ಪೂರ್ತಿ ಹಾಕಿ, ಕಿಟಕಿ ತೆರೆಯಿರಿ. ಎಂಜಿನ್ನಿನ ಬಿಸಿ ಒಳಗಿನ ಸಣ್ಣ ರೇಡಿಯೇಟರಿನ ಮೂಲಕವೂ ಹೊರಹೋಗುತ್ತದೆ.

ಪೆಟ್ರೋಲ್ ಹಾಕಿಸುವಾಗ ಒಂದು ಎಚ್ಚರ. ಕೊಲರಾಡೊದ ಬಂಕುಗಳಲ್ಲಿ ರೆಗ್ಯುಲರ್ ಎಂದು ಸಿಗುವುದು 85 ಆಕ್ಟೇನ್. ಬೇರೆ ರಾಜ್ಯಗಳಲ್ಲಿ ಅದೇ ಹೆಸರಲ್ಲಿ 87 ಸಿಗುವುದರಿಂದ ಯಾರೂ ಸಂಖ್ಯೆ ನೋಡುವುದಿಲ್ಲ. ಕಾರ್ಬುರೇಟರ್ ಕಾಲದಲ್ಲಿ ಎತ್ತರಕ್ಕೆ 85 ಸಾಕಿತ್ತು. ಈಗಿನ ಎಂಜಿನ್‌ಗಳಿಗೆ ತಯಾರಕರು ಕೇಳುವುದು ಕನಿಷ್ಠ 87. ಭಾರ ಹೊತ್ತು ಹತ್ತುವ ಗಾಡಿಗೆ ನಡುವಿನ ಗುಂಡಿ ಒತ್ತಿ 87 ಹಾಕಿಸಿ. ಟ್ಯಾಂಕನ್ನು ಡುರಾಂಗೊದಲ್ಲೇ ತುಂಬಿಸಿ. ಗ್ಯಾಲನ್ನಿಗೆ ಎಂಟು ಹತ್ತು ಮೈಲಿ ಕೊಡುವ ಗಾಡಿ ಇದು. ಜನರೇಟರೂ ಅದೇ ಟ್ಯಾಂಕಿನಿಂದ ಕುಡಿಯುತ್ತದೆ, ಟ್ಯಾಂಕು ಕಾಲು ಭಾಗಕ್ಕೆ ಬಂದಾಗ ಜನರೇಟರ್ ತಾನಾಗಿ ನಿಲ್ಲುತ್ತದೆ. ಅದು ಕೆಟ್ಟಿತೆಂದು ಅರ್ಧರಾತ್ರಿ ಸಹಾಯವಾಣಿಗೆ ಫೋನ್ ಮಾಡುವವರು ಬಹಳ. ಹಾಗೆಯೇ ಕಾರ್ಬುರೇಟರ್ ಇರುವ ಜನರೇಟರುಗಳಲ್ಲಿ ಎತ್ತರಕ್ಕೆ ತಕ್ಕಂತೆ ತಿರುಗಿಸುವ ಸಣ್ಣ ಗುಬುಟು ಇರುತ್ತದೆ. ತಿರುಗಿಸದಿದ್ದರೆ ಕಪ್ಪು ಹೊಗೆ ಕಾರುತ್ತ ಕೆಮ್ಮುತ್ತದೆ, ಕೆಳಗಿಳಿದ ಮೇಲೆ ಹಿಂದಕ್ಕೆ ತಿರುಗಿಸಲು ಮರೆತರೆ ಬಿಸಿಯೇರಿ ಹಾಳಾಗುತ್ತದೆ.

ಟೈರಿನ ಗಾಳಿ ಬೆಳಗ್ಗೆ ತಣ್ಣಗಿರುವಾಗ ನೋಡಿ, ಬಾಗಿಲ ಬಳಿಯ ಚೀಟಿಯಲ್ಲಿರುವಷ್ಟೇ ತುಂಬಿಸಿ. ಡುರಾಂಗೊದಿಂದ ನೆತ್ತಿಗೆ ಹೋದರೆ ಹೊರಗಿನ ಒತ್ತಡ ಇಳಿಯುವುದರಿಂದ ಗೇಜು ಎರಡು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಅದನ್ನು ನೋಡಿ ಗಾಳಿ ಬಿಡಬೇಡಿ.

ಅಡುಗೆಗೆ ಬರೋಣ. ಸಿಲ್ವರ್ಟನ್ ಎತ್ತರದಲ್ಲಿ ನೀರು ಕುದಿಯುವುದು ಸುಮಾರು 90 ಡಿಗ್ರಿಗೆ. ಪಾತ್ರೆಯಲ್ಲಿಟ್ಟ ತೊಗರಿಬೇಳೆ ಎಷ್ಟು ಹೊತ್ತಾದರೂ ಕಾಳುಕಾಳಾಗಿಯೇ ಉಳಿಯುತ್ತದೆ, ಗ್ಯಾಸ್ ಮಾತ್ರ ಖಾಲಿ. ಕುಕ್ಕರ್ ಇಲ್ಲದೆ ಈ ಕಡೆ ಬರಬೇಡಿ. ಕುಕ್ಕರಿನಲ್ಲೂ ಮನೆಯ ಲೆಕ್ಕ ನಡೆಯದು. ವೆಯ್ಟು ಹಿಡಿದಿಡುವುದು ಹೊರಗಿನ ಗಾಳಿಗಿಂತ ಹದಿನೈದು ಪಿಎಸ್‌ಐ ಹೆಚ್ಚಿನ ಒತ್ತಡವನ್ನು ಮಾತ್ರ. ಹೊರಗಿನ ಗಾಳಿಯೇ ತೆಳುವಾದಾಗ ಒಳಗಿನ ಬಿಸಿಯೂ 121ರ ಬದಲು 115ರ ಹತ್ತಿರ ನಿಲ್ಲುತ್ತದೆ. ಸಮಯವನ್ನು ಮೂರನೇ ಒಂದರಷ್ಟು ಹೆಚ್ಚಿಸಿ: ಮೂರು ವಿಷಲ್ಲಿನ ಅನ್ನಕ್ಕೆ ನಾಲ್ಕು, ಬೇಳೆಯನ್ನು ಒಂದು ಗಂಟೆ ನೆನೆಸಿಟ್ಟು ಐದೋ ಆರೋ. ಅವಲಕ್ಕಿ, ಉಪ್ಪಿಟ್ಟಿಗೆ ಯಾವ ಎತ್ತರವೂ ಅಡ್ಡಿಯಿಲ್ಲ. ತೆಂಗಿನೆಣ್ಣೆ ಕಲ್ಲಾಗಿರುತ್ತದೆ, ಚಿಪ್ಸಿನ ಪೊಟ್ಟಣಗಳು ಬಲೂನಿನಂತೆ ಉಬ್ಬಿರುತ್ತವೆ. ಮೊಸರಿನ ಡಬ್ಬಿಯನ್ನು ಮೆಲ್ಲಗೆ ತೆರೆಯಿರಿ.

ಗ್ಯಾಸ್ ಫ್ರಿಜ್ ಇದ್ದರೆ ಇನ್ನೊಂದು ವಿಷಯ. ಪ್ರೊಪೇನ್ ಉರಿಯಿಂದ ಅಮೋನಿಯಾ ಕಾಯಿಸಿ ತಂಪು ಮಾಡುವ ಈ ಫ್ರಿಜ್‌ಗಳು 5,500 ಅಡಿ ದಾಟಿದ ಮೇಲೆ ಗ್ಯಾಸಿನಲ್ಲಿ ಸರಿಯಾಗಿ ಉರಿಯದೇ ಆರಿಹೋಗಬಹುದು. ಕರೆಂಟ್ ಸಂಪರ್ಕ ಇರುವ ಕ್ಯಾಂಪಿನಲ್ಲಿ ವಿದ್ಯುತ್ತಿಗೆ ಬದಲಿಸಿ. ಗಾಡಿ ಸಮತಟ್ಟಾಗಿ ನಿಲ್ಲದಿದ್ದರೂ ಅವು ತಂಪು ಮಾಡುವುದಿಲ್ಲ, ಬಹುಕಾಲ ಓರೆಯಾಗಿ ನಡೆಸಿದರೆ ಒಳಗಿನ ಕೊಳವೆ ಶಾಶ್ವತವಾಗಿ ಕಟ್ಟಿಕೊಳ್ಳುತ್ತದೆ.

ಸೆಪ್ಟೆಂಬರ್ ಕೊನೆಯ ರಾತ್ರಿ ಇಲ್ಲಿ ಸೊನ್ನೆಗಿಂತ ಕೆಳಗೆ ಹೋಗುವುದು ಮಾಮೂಲು. ಹೊರಗಿನ ನಲ್ಲಿಗೆ ಹಾಕಿದ ಪೈಪನ್ನು ಮಲಗುವ ಮೊದಲೇ ಬಿಚ್ಚಿ, ನೀರು ಬಸಿದು ಸುತ್ತಿಡಿ. ಒಳಗಿನ ಟ್ಯಾಂಕಿನ ನೀರು ಸಾಕು. ಹೀಟರ್ ಉರಿಯುವುದು ಗ್ಯಾಸಿನಿಂದಾದರೂ ಅದರ ಫ್ಯಾನ್ ತಿರುಗುವುದು ಬ್ಯಾಟರಿಯಿಂದ, ಗಂಟೆಗೆ ಏಳೆಂಟು ಆಂಪ್-ಅವರ್. ಹತ್ತು ಗಂಟೆಯ ರಾತ್ರಿಯಲ್ಲಿ ಅರ್ಧ ಹೊತ್ತು ತಿರುಗಿದರೂ ನಲವತ್ತು ಆಂಪ್-ಅವರ್ ಖರ್ಚು. ನೂರು ಆಂಪ್-ಅವರಿನ ಸೀಸದ ಬ್ಯಾಟರಿಯಲ್ಲಿ ಧಾರಾಳವಾಗಿ ಬಳಸಬಹುದಾದ್ದು ಐವತ್ತು ಮಾತ್ರ. ದೀಪ, ಫೋನ್ ಚಾರ್ಜು ಎಲ್ಲ ಸೇರಿ ಬೆಳಗಿನ ಜಾವ ನಾಲ್ಕಕ್ಕೆ ಹೀಟರ್ ನಿಂತಿತೆಂದರೆ ಕಾರಣ ಹುಡುಕಬೇಕಿಲ್ಲ. ಥರ್ಮೋಸ್ಟಾಟನ್ನು 15 ಡಿಗ್ರಿಗೆ ಇಟ್ಟು ರಜಾಯಿ ಹೊದೆಯುವುದೇ ಮೇಲು. ಚಳಿ ಎಂದು ಒಲೆ ಹಚ್ಚಿಟ್ಟು ಮಲಗುವುದು, ಜನರೇಟರ್ ಓಡಲು ಬಿಟ್ಟು ಮಲಗುವುದು ಎರಡೂ ಪ್ರಾಣಕ್ಕೆ ಎರವು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಗುಂಡಿ ಒತ್ತಿ ಪರೀಕ್ಷಿಸಿಯೇ ಹೊರಡಿ.

ಸರಕಾರಿ ಅರಣ್ಯದ ಕ್ಯಾಂಪುಗಳು ಸೆಪ್ಟೆಂಬರ್ ಕಳೆಯುತ್ತಿದ್ದಂತೆ ಒಂದೊಂದಾಗಿ ನಲ್ಲಿ ನಿಲ್ಲಿಸಿ ಬಾಗಿಲು ಹಾಕುತ್ತವೆ. ಯೂರೇ ಮೇಲಿನ ಆಂಫಿಥಿಯೇಟರ್ ಕ್ಯಾಂಪು ನೋಡಲು ಚಂದ, ದೊಡ್ಡ ಗಾಡಿಗೆ ಆಗದು. ಇನ್ನೂ ಉತ್ತರಕ್ಕಿರುವ ರಿಡ್ಜ್‌ವೇ ಸ್ಟೇಟ್ ಪಾರ್ಕಿನಲ್ಲಿ ಕರೆಂಟ್ ಇರುವ ವಿಶಾಲ ಜಾಗಗಳಿವೆ. ಆರು ತಿಂಗಳು ಮೊದಲೇ ಕಾದಿರಿಸಬಹುದು, ಬಣ್ಣದ ವಾರಕ್ಕೆ ಕಾದಿರಿಸಲೇಬೇಕು. ಮೊದಲ ರಾತ್ರಿಯನ್ನು ನೇರ ಸಿಲ್ವರ್ಟನ್ನಿನಲ್ಲಿ ಕಳೆಯದೆ ಡುರಾಂಗೊದಲ್ಲಿ ಕಳೆದರೆ ತಲೆನೋವು, ವಾಕರಿಕೆಯ ಕಾಟ ಕಡಿಮೆ.

ಆರು ತಿಂಗಳು ಮೊದಲೇ ಯಾವ ವಾರ ಎಂದು ಹೇಳುವುದು ಹೇಗೆ? ಇಲ್ಲಿ ಮರದ ಸ್ವಭಾವ ತಿಳಿದಿರಬೇಕು. ಈ ಬೆಟ್ಟಗಳ ಹಳದಿ ಬಹುತೇಕ ಒಂದೇ ಜಾತಿಯ ಮರದ್ದು, ಆಸ್ಪೆನ್. ಎಂಟು ಸಾವಿರದಿಂದ ಹತ್ತೂವರೆ ಸಾವಿರ ಅಡಿಯ ಪಟ್ಟಿಯಲ್ಲಿ ಬೆಳೆಯುತ್ತದೆ. ಎಲೆಯ ತೊಟ್ಟು ಚಪ್ಪಟೆ, ಹಾಗಾಗಿ ಗಾಳಿ ಸುಳಿದರೆ ಸಾಕು, ಇಡೀ ಮರ ನಡುಗುತ್ತದೆ. ಬೀಜಕ್ಕಿಂತ ಹೆಚ್ಚಾಗಿ ಬೇರಿನಿಂದ ಚಿಗುರಿ ಹರಡುವುದು ಇದರ ರೀತಿ. ಒಂದು ತೋಪಿನ ನೂರಾರು ಕಾಂಡಗಳು ನೆಲದೊಳಗೆ ಒಂದೇ ಜೀವ. ಯೂಟಾ ರಾಜ್ಯದಲ್ಲಿ ಪ್ಯಾಂಡೊ ಎಂದು ಹೆಸರಿಟ್ಟಿರುವ ಇಂಥ ಒಂದೇ ಆಸ್ಪೆನ್ 106 ಎಕರೆ ಹರಡಿ ಸುಮಾರು 47,000 ಕಾಂಡ ಬಿಟ್ಟಿದೆ. ದೂರದಿಂದ ನೋಡಿದರೆ ಬೆಟ್ಟದ ಮೇಲೆ ತೇಪೆ ಹಾಕಿದ ಹಾಗೆ ಒಂದು ಕಡೆ ನಿಂಬೆ ಹಳದಿ, ಪಕ್ಕದಲ್ಲಿ ಇನ್ನೂ ಹಸಿರು, ಅದರಾಚೆ ಕಿತ್ತಳೆ ಕಾಣುವುದು ಇದಕ್ಕೇ: ಪ್ರತಿ ತೇಪೆಯೂ ಒಂದೊಂದು ಜೀವ, ಪ್ರತಿಯೊಂದಕ್ಕೂ ಅದರದೇ ದಿನ. ಹಳದಿ ಎಲೆಯೊಳಗೆ ಬೇಸಿಗೆಯಿಡೀ ಇದ್ದದ್ದೇ, ಹಸಿರು ಕರಗಿದಾಗ ಹೊರಬರುತ್ತದೆ. ಕೆಲವು ತೋಪುಗಳ ಕೆಂಪು ಮಾತ್ರ ಆಗ ಹೊಸದಾಗಿ ತಯಾರಾಗುವುದು. ಅದಕ್ಕೆ ಬಿಸಿಲಿನ ಹಗಲು, ತಂಪಾದ ಆದರೆ ಹೆಪ್ಪುಗಟ್ಟದ ರಾತ್ರಿ ಬೇಕು.

ಒಂದು ತೋಪು ಪೂರ್ಣ ಬಣ್ಣದಲ್ಲಿರುವುದು ವಾರ, ಹೆಚ್ಚೆಂದರೆ ಹತ್ತು ದಿನ. ಒಂದು ಜೋರು ಗಾಳಿ ಬಂದರೆ ಒಂದೇ ಮಧ್ಯಾಹ್ನದಲ್ಲಿ ಬೋಳು. ಆದರೆ ಬಣ್ಣ ಮೇಲಿನಿಂದ ಕೆಳಗೆ ಇಳಿಯುತ್ತದೆ, ಎತ್ತರದ ತೋಪುಗಳು ಮೊದಲು. ಈ ದಾರಿ ನಾಲ್ಕು ಸಾವಿರ ಅಡಿಗೂ ಹೆಚ್ಚಿನ ಅಂತರವನ್ನು ಹತ್ತಿಳಿಯುವುದರಿಂದ ಸೆಪ್ಟೆಂಬರ್ 20ರಿಂದ ಅಕ್ಟೋಬರ್ ಮೊದಲ ವಾರದೊಳಗೆ ಯಾವತ್ತು ಬಂದರೂ ಯಾವುದೋ ಒಂದು ಎತ್ತರದಲ್ಲಿ ಹಳದಿ ಸಿಗುವ ಸಂಭವ ಹೆಚ್ಚು. ತಡವಾದರೂ ಚಿಂತೆಯಿಲ್ಲ: ಆಸ್ಪೆನ್ ಉದುರಿದ ಮೇಲೆ ಕೆಳಗಿನ ಹೊಳೆದಂಡೆಗಳ ಕಾಟನ್‌ವುಡ್ ಮರಗಳು ಅಕ್ಟೋಬರ್ ನಡುವೆ ಹಳದಿಯಾಗುತ್ತವೆ. ಅಲ್ಲಿಗೆ ಘಟ್ಟ ಹತ್ತಬೇಕಿಲ್ಲ.

ಮೋಲಸ್ ಸುತ್ತಮುತ್ತ ಮಾತ್ರ ಮರವೇ ಕಡಿಮೆ ಎನ್ನಿಸುತ್ತದೆ. 1879ರ ಕಾಡ್ಗಿಚ್ಚಿನಲ್ಲಿ ಸುಟ್ಟ ಆ ಎತ್ತರದ ಸ್ಪ್ರೂಸ್ ಕಾಡು ಇನ್ನೂ ಪೂರ್ತಿ ಮರಳಿಲ್ಲ. ಅಲ್ಲಿಂದ ಮುಂದೆ ರೆಡ್ ಮೌಂಟನ್ ಕಡೆಯ ಕೆಂಪು ಎಲೆಯದ್ದಲ್ಲ, ಕಲ್ಲಿನದ್ದು. ಕಬ್ಬಿಣದ ಗಂಧಕದ ಅದಿರು ಗಾಳಿ ನೀರಿಗೆ ತುಕ್ಕು ಹಿಡಿದ ಬೆಟ್ಟಗಳು ಅವು. ಪಕ್ಕದ ತೊರೆಯೂ ಕಿತ್ತಳೆ ಬಣ್ಣದಲ್ಲಿ ಹರಿಯುತ್ತದೆ. ಅದು ಆಮ್ಲದ ನೀರು, ನಾಯಿಗೂ ಕುಡಿಸಬೇಡಿ. 1893ರಲ್ಲಿ ಬೆಳ್ಳಿಯ ಬೆಲೆ ಕುಸಿದಾಗ ಬಹುತೇಕ ಬಿಟ್ಟುಹೋದ ಗಣಿಗಳಲ್ಲಿ ಯಾಂಕಿ ಗರ್ಲ್ ಗಣಿಯ ಮರದ ಗೋಪುರ ಇನ್ನೂ ನಿಂತಿದೆ, ರಸ್ತೆಯಿಂದಲೇ ಕಾಣುತ್ತದೆ.

ಕಾಣುತ್ತದೆ, ಚಾಲಕನಿಗಲ್ಲ. ಈ ದಾರಿಯಲ್ಲಿ ಓಡಿಸುವುದೂ ನೋಡುವುದೂ ಒಟ್ಟಿಗೆ ಆಗದು. ಅದನ್ನು ಮೊದಲೇ ಒಪ್ಪಿಕೊಂಡವರ ಪ್ರವಾಸ ಚೆನ್ನಾಗಿರುತ್ತದೆ. ಉತ್ತರಕ್ಕೆ ಹೋಗುವಾಗ ಎಡಬದಿಯ ನೋಟದ ಜಾಗಗಳಿಗೆ 25 ಅಡಿಯ ಗಾಡಿಯನ್ನು ಎದುರು ಲೇನ್ ದಾಟಿಸಿ ನುಗ್ಗಿಸುವುದು ಬೇಡ. ಮೋಟರ್‌ಹೋಮನ್ನು ರಿಡ್ಜ್‌ವೇಯಲ್ಲಿ ನಿಲ್ಲಿಸಿ. ಹಿಂದೆ ಕಾರು ಕಟ್ಟಿಕೊಂಡು ಬಂದವರು ಘಟ್ಟದಲ್ಲಿ ಅದನ್ನು ಬಿಚ್ಚಿ ಬೇರೆಯಾಗಿ ಓಡಿಸಿ ತಂದಿರುತ್ತಾರೆ, ಇಲ್ಲದವರಿಗೆ ಯೂರೇಯಲ್ಲಿ ಜೀಪ್ ಬಾಡಿಗೆಗೆ ಸಿಗುತ್ತದೆ. ಮರುದಿನ ಆ ಸಣ್ಣ ಗಾಡಿಯಲ್ಲಿ ಅದೇ ರಸ್ತೆಯನ್ನು ದಕ್ಷಿಣಕ್ಕೆ, ಪ್ರಪಾತದ ಬದಿಯಿಂದ ಹತ್ತಿ. ಬೇರ್ ಕ್ರೀಕ್ ಜಲಪಾತ ಕಾಲಡಿಗೇ ಧುಮುಕುತ್ತದೆ. ಕ್ರಿಸ್ಟಲ್ ಕೆರೆಯಲ್ಲಿ ಗಾಳಿ ಏಳುವ ಮೊದಲು ಬೆಟ್ಟದ ಪ್ರತಿಬಿಂಬ ಸಿಗುತ್ತದೆ. ಆಸ್ಪೆನ್ ಎಲೆಯನ್ನು ಬಿಸಿಲಿಗೆ ಎದುರಾಗಿ ನಿಂತು ನೋಡಬೇಕು, ಬೆನ್ನ ಹಿಂದಿನ ಬಿಸಿಲಲ್ಲಿ ಅದು ಬರೀ ಹಳದಿ ಬಳಿದ ಹಾಗಿರುತ್ತದೆ.

ಹವಾಮಾನ ಕೈಕೊಟ್ಟರೆ? ಅಕ್ಟೋಬರಿನಲ್ಲಿ ನೆತ್ತಿಯ ಮೇಲೆ ಹಿಮ ಬೀಳುವುದು ಹೊಸದಲ್ಲ. ಕೊಲರಾಡೊ ಸಾರಿಗೆ ಇಲಾಖೆಯ ಸಿಒಟ್ರಿಪ್ ಆ್ಯಪ್ ಹಿಂದಿನ ರಾತ್ರಿಯೂ ಬೆಳಗ್ಗೆಯೂ ನೋಡಿ, ಕಮರಿಯಲ್ಲಿ ಫೋನ್ ಸಿಗ್ನಲ್ ನಂಬುವ ಹಾಗಿಲ್ಲ. ಹಿಮದ ಸೂಚನೆ ಇದ್ದರೆ 550ರ ಆಸೆ ಬಿಟ್ಟು ಡುರಾಂಗೊದಿಂದ ಪಶ್ಚಿಮಕ್ಕೆ ಹೊರಡಿ: ಕಾರ್ಟೆಜ್, ಡೊಲೊರೆಸ್, ಹೆದ್ದಾರಿ 145ರಲ್ಲಿ ಲಿಜರ್ಡ್ ಹೆಡ್ ಪಾಸ್, ಪ್ಲೇಸರ್‌ವಿಲ್‌ನಲ್ಲಿ ಹೆದ್ದಾರಿ 62 ಹಿಡಿದು ಡಲ್ಲಾಸ್ ಡಿವೈಡ್, ರಿಡ್ಜ್‌ವೇ. ಸುಮಾರು 160 ಮೈಲಿಯ ಸುತ್ತು. ಲಿಜರ್ಡ್ ಹೆಡ್ ಕೂಡ 10,222 ಅಡಿ ಇರುವುದರಿಂದ ದೊಡ್ಡ ಹಿಮಗಾಳಿಯ ದಿನ ಅದೂ ಬೇಡ, ಡುರಾಂಗೊದಲ್ಲೇ ಉಳಿಯಿರಿ. ಉಳಿದ ದಿನಗಳಲ್ಲಿ ಏರು ನಿಧಾನ, ತಿರುವು ಸಡಿಲ, ಡಲ್ಲಾಸ್ ಡಿವೈಡ್ ಮೇಲೆ ಸ್ನೆಫಲ್ಸ್ ಶಿಖರದ ಎದುರು ಹಳದಿ ತೋಪುಗಳ ಸಾಲು. ಮೊದಲ ಸಲ ಮೋಟರ್‌ಹೋಮ್ ಹಿಡಿದವರಿಗೆ, ಮೂವತ್ತು ಅಡಿ ಮೀರಿದ ಗಾಡಿಯವರಿಗೆ, ಹವಾಮಾನ ಚೆನ್ನಾಗಿದ್ದರೂ ನಾನು ಹೇಳುವುದು ಈ ದಾರಿಯನ್ನೇ. ಡಲ್ಲಾಸ್ ಡಿವೈಡ್‌ನಿಂದ ರಿಡ್ಜ್‌ವೇಗೆ ಇಳಿಯುವಾಗಲೂ ಟೋ-ಹಾಲ್ ಗುಂಡಿ ಒತ್ತಿರಲಿ.